ಸುತ್ತಿಗೆಗೆ ಸೈಕಲ್ ಟ್ಯೂಬು

ಆ ಟ್ಯೂಬ್‌ಲೈಟು ಹಾಡುತ್ತದೆ ಅಂತ
ನನಗೆ ಹೇಳಿದವಳು ಶಮಿಕಾ ತಾಂಡೇಲ,
ನಾಲ್ಕನೇ ಇಯತ್ತೆ, ಬೈತಖೋಲ.
ಬಾಯಿಬಿಟ್ಟು ಹೇಳಿದ್ದಲ್ಲ.
ಎರಡೂ ಅಂಗೈ ಕಿವಿಗೊತ್ತಿ, ಸೂರಿನತ್ತ ಮುಖವೆತ್ತಿ,
ಮ್‌ಮ್‌ಮ್ ಎಂದು ಅದರದೇ ಶ್ರುತಿಯಲ್ಲಿ
ಪ್ರಾರ್ಥನೆಯಿಂದ ಊಟದ ಬೆಲ್ಲಿನ ತನಕ ಗುನುಗಿದಳು.

ಹಠ, ಅಂದೆ.
ಹತ್ತೊಂಬತ್ತು ವರ್ಷದ ಸರ್ವಿಸು,
ಇಂಥ ಹಠ ಎಷ್ಟು ಕಂಡಿಲ್ಲ.
ಮೇಜಿಗೆ ಸ್ಕೇಲು ಬಡಿದೆ.
ಬೆಂಚಿನಡಿ ಇಳಿದೇ ಹೋದಳು,
ಹೆಜ್ಜೆ ಸಪ್ಪಳಕ್ಕೆ ಮರಳೊಳಗಿಳಿವ ಏಡಿಯ ಹಾಗೆ.

ಸಂಜೆ ಎಲ್ಲ ಹೋದ ಮೇಲೆ
ಬಾಗಿಲು ಎಳೆದುಕೊಂಡು ಅವಳ ಜಾಗದಲ್ಲಿ ಕೂತೆ.
ಮೊದಲು ಏನೂ ಇಲ್ಲ.
ಆಮೇಲೆ ಹೆದ್ದಾರಿಯ ಲಾರಿ,
ಬಂದರಿನಲ್ಲಿ ಐಸು ಪುಡಿಮಾಡುವ ಯಂತ್ರ,
ಅಡುಗೆಕೋಣೆಯಲ್ಲಿ ಸುಮಿತ್ರಾಬಾಯಿ ಪೇರಿಸುವ ಸ್ಟೀಲು ತಟ್ಟೆ
(ಅರವತ್ತೆಂಟು; ಎಣಿಸಿದೆ),
ನನ್ನದೇ ಕೈಯ ಬಳೆ.
ಎಲ್ಲದರ ಹಿಂದೆ, ಎಲ್ಲದರ ನೆತ್ತಿಯ ಮೇಲೆ
ಮ್‌ಮ್‌ಮ್.
ಇಷ್ಟು ವರ್ಷ ಅದರಡಿಯಲ್ಲೇ ನಿಂತು ಮಗ್ಗಿ ಹೇಳಿಸಿದ್ದೆ.

ಅವಳಪ್ಪ ಪುಂಡಲೀಕನನ್ನು ಕರೆಸಿದೆ.
ಬಾಗಿಲ ಹೊರಗೇ ನಿಂತ.
"ಮೈಯೆಲ್ಲ ಬಂಗಡೆ ವಾಸನೆ ಅಕ್ಕೋರೆ, ಇಲ್ಲೇ ನಿಲ್ತೇನೆ."
ಮನೆಯಲ್ಲಿ ಹೇಗೆ ಸುಮ್ಮನಾಗುತ್ತಾಳೆ, ಕೇಳಿದೆ.
"ಬಲೆ ಹೊದ್ದುಕೊಳ್ತದೆ.
ಒಣಗಿದ ಹಳೇ ಬಲೆ, ನಾಲ್ಕು ಮಡಿಕೆ, ಮೇಲೆ ಅಜ್ಜಿಯ ಕಂಬಳಿ.
ಭಾರ ಬೇಕು ಅದಕ್ಕೆ.
ಖಾಲಿ ದೋಣಿ ಹೆಚ್ಚು ಹೊಯ್ದಾಡ್ತದಲ್ಲ, ಹಾಗೆ."
ಟಿಸಿಎಚ್‌ನಲ್ಲಿ ಈ ಪಾಠ ಇರಲಿಲ್ಲ.

ಸೋಮವಾರ ಅವನೇ ತಂದ:
ಜೀನ್ಸಿನ ಕಾಲು ಕತ್ತರಿಸಿ, ಕಾಳಿ ಹೊಳೆಯ ಮರಳು ತುಂಬಿ,
ಬಲೆಯ ದಾರದಲ್ಲಿ ಹೊಲಿದ ಚೀಲ.
ತೊಡೆಯ ಮೇಲಿಟ್ಟರೆ ಮಲಗಿದ ಬೆಕ್ಕಿನಷ್ಟು ತೂಕ.

ಲೈಟು ಆರಿಸಿದೆವು. ಗಾಜಿನ ಹೆಂಚಿನ ಬೆಳಕು ಸಾಕಾಯಿತು.
ಅವಳ ಯೂನಿಫಾರ್ಮಿನ ಕೊರಳ ಪಟ್ಟಿಯನ್ನು ಬ್ಲೇಡಿನಿಂದ ಬಿಡಿಸಿದೆ,
ಅಲ್ಲಿ ಚರ್ಮ ಕೆಂಪಗೆ ಗೀರಿತ್ತು;
ಇದನ್ನೂ ನಾನು ನೋಡಿರಲಿಲ್ಲ.

ಇನ್ನು ಗಂಟೆ. ತೂಗುಹಾಕಿದ ರೈಲುಕಂಬಿ,
ಬಡಿಯುವ ಹಕ್ಕು ಏಳನೇ ಇಯತ್ತೆಯ ಅಫ್ತಾಬನದು.
ಸುತ್ತಿಗೆಗೆ ಸೈಕಲ್ ಟ್ಯೂಬು ಸುತ್ತು ಅಂದರೆ ಮುಖ ಸಣ್ಣದಾಯಿತು.
"ಕೋಡಿಬಾಗದ ತನಕ ಕೇಳಬೇಕು ಟೀಚರ್ ಅದು."
ಹೆಡ್‌ಮಾಸ್ತರು, "ಹಾಗಂತ ಆದೇಶ ಏನಾದರೂ ಉಂಟೋ?" ಅಂದರು.
ಇಲ್ಲ, ಅಂದೆ. ಟ್ಯೂಬು ಉಂಟು.
ಈಗ ಅಫ್ತಾಬ ಬಡಿಯುವ ಮುನ್ನ ನಮ್ಮ ಕಿಟಕಿಗೆ ಬಂದು
ಐದು ಬೆರಳು ತೋರಿಸಿ ಒಂದೊಂದೇ ಮಡಚುತ್ತಾನೆ.
ನಾನು ಹೇಳಿಕೊಟ್ಟದ್ದಲ್ಲ.

ಎಲ್ಲ ಸರಿಹೋಯಿತು ಅಂತಲ್ಲ.
ಜೂನಿನಲ್ಲಿ ಮೋಡ ಕವಿದರೆ ಲೈಟು ಬೇಕೇ ಬೇಕು.
ಚೀಲ ಅವಳಿಗೊಬ್ಬಳಿಗೇ ಯಾಕೆ ಎಂದು ನಿಶಾಂತ ಅತ್ತ
(ಈಗ ಶುಕ್ರವಾರ ಅವನ ಪಾಳಿ).
ನೌಕಾನೆಲೆಯ ಹೆಲಿಕಾಪ್ಟರು ಹೆಂಚಿಗೆ ತಾಗಿದಂತೆ ಹಾರಿದ ದಿನ
ಮರಳೂ ಇಲ್ಲ, ಬೆರಳೂ ಇಲ್ಲ,
ನನ್ನ ಮುಂಗೈ ಕಚ್ಚಿದಳು. ಗುರುತು ಇನ್ನೂ ಇದೆ.
ಆಗ ನಾನು ಮಾಡಿದ್ದು ಇಷ್ಟೇ:
ನೆಲದಲ್ಲಿ ಕೂತೆ. ಮಾತಾಡಲಿಲ್ಲ.

ಬಳೆ ತೆಗೆದಿಡಬಹುದಿತ್ತು. ಅತ್ತೆ ಇದ್ದಾರೆ, ಊರು ಇದೆ.
ಮೊಣಕೈಯತ್ತ ಸರಿಸಿ ರಬ್ಬರ್ ಬ್ಯಾಂಡು ಹಾಕಿಕೊಂಡೆ.
ಮೊನ್ನೆ ಶಾಲೆ ಬಿಟ್ಟ ಮೇಲೆ
ಶಮಿಕಾ ಬಂದು, ಮುಖ ಕಿಟಕಿಯ ಕಡೆ,
ಬೆರಳು ಮಾತ್ರ ನನ್ನ ಕಡೆ,
ಬ್ಯಾಂಡು ತೆಗೆದು, ನನ್ನ ಕೈ ಹಿಡಿದು
ಒಂದೇ ಸಲ ಅಲ್ಲಾಡಿಸಿದಳು.
ಛಿಲ್.
ಪೂರ್ತಿ ಆರುವ ತನಕ ಕೇಳಿದಳು.
ಮತ್ತೆ ಬ್ಯಾಂಡು ಹಾಕಿ
ಚೀಲ ಅದರ ಜಾಗದಲ್ಲಿಟ್ಟು
ಮನೆಗೆ ಹೋದಳು.