ಸರ್ವಿಸ್‌ಗೆ ಬಂದ ಸೈಕಲ್

ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ
ಸೈಕಲ್ ಒರಗಿಸಿ ನಿಂತರು ದೇಚಮ್ಮ ಮೇಡಂ.
ಮೂಗಿನ ತುದಿ ಸುಲಿದಿತ್ತು.
ಎಲ್ಲಿಗೆ ಹೋಗಿದ್ರಿ ಅಂದರೆ
"ಮೇಲಕ್ಕೆ" ಅಂದರು. ಅಷ್ಟೇ.

ಸೈಕಲ್ಲಿಗೆ ಅಷ್ಟು ಬಿಗುಮಾನ ಇಲ್ಲ.
ಚೈನು ಎಳೆದು ನೋಡಿದೆ, ಅರ್ಧ ಕೊಂಡಿ ಉದ್ದವಾಗಿದೆ:
ಇದು ಏರು, ದಿನಗಟ್ಟಲೆ ಏರು.
ಹಲ್ಲುಚಕ್ರಗಳಲ್ಲಿ ದೊಡ್ಡದೊಂದೇ ಹೊಳೆಯುವಷ್ಟು ಸವೆದು
ಚಿಕ್ಕವಕ್ಕೆ ನಾನು ಹಾಕಿದ ಎಣ್ಣೆ ಹಾಗೇ ಇದೆ.
ಬ್ರೇಕಿನ ರಬ್ಬರು ಕಾಗದದಷ್ಟು:
ತಿರುವಿನಾಚೆ ಏನಿದೆಯೋ ಗೊತ್ತಿಲ್ಲದವರ ಇಳಿಜಾರು.
ಮಡ್‌ಗಾರ್ಡಿನ ಒಳಗೆ ಒಂದೆಳೆ ಕುರಿಯ ಉಣ್ಣೆ.
ಯಾವ ಕಣಿವೆಯ ಮಂದೆ
ದಾರಿ ಕೊಡದೆ ನಿಲ್ಲಿಸಿಕೊಂಡಿತೋ.

ಸೀಟಿನ ಮೂತಿಯ ಪಕ್ಕ ಅಂಗೈ ಜಿಡ್ಡು.
ಓಹೋ, ತಳ್ಳಿಕೊಂಡು ನಡೆದಿದ್ದಾರೆ.
ಯಾರಿಗೂ ಹೇಳಲ್ಲ ಬಿಡಪ್ಪ ಅಂತ
ಸೈಕಲ್ಲಿಗೆ ಮಾತು ಕೊಟ್ಟೆ.

ಸೀಮೆಎಣ್ಣೆಯಲ್ಲಿ ಹಬ್ ತೊಳೆದರೆ
ಬಟ್ಟಲ ತಳದಲ್ಲಿ ನಿಂತಿತು ಬೂದು ಮರಳು,
ನಮ್ಮ ಕಾವೇರಿಯದಲ್ಲ.
ಚೆಲ್ಲಲು ಮೋರಿಯವರೆಗೂ ಹೋಗಿ
ವಾಪಸ್ಸು ತಂದಿಟ್ಟೆ.

ಸಂಜೆ ಟ್ರಯಲ್ಲಿಗೆ ಗಲ್ಲಿಯಲ್ಲೇ ಎರಡು ಸುತ್ತು ಸಾಕಿತ್ತು.
ಹ್ಯಾಂಡಲ್ಲು ಚಾಮುಂಡಿ ಬೆಟ್ಟದ ಕಡೆ ತಿರುಗಿತು.
ನಾನಲ್ಲ.
ಮೂವತ್ತು ವರ್ಷ ಬೇರೆಯವರ ಗೇರು ಕೂರಿಸಿದ ಎದೆ
ಅರ್ಧ ಬೆಟ್ಟಕ್ಕೇ ತಿದಿಯಾಯಿತು.
ಇಳಿದು ತಳ್ಳಿದೆ.
ಅಂಗೈ ಹುಡುಕದೇ ಹೋಗಿ
ಆ ಜಿಡ್ಡಿನ ಜಾಗದಲ್ಲೇ ಕೂತಿತು.

ಕೆಳಗೆ ಊರಿಗೆ ದೀಪ ಹತ್ತುತ್ತಿತ್ತು.
ನಾಳೆ ಕೊಡ್ತೀನಿ ಅಂದಿದ್ದೆ.
ಅಲ್ಲೇ ನಿಂತು ಫೋನ್ ಮಾಡಿದೆ:
"ಮೇಡಂ, ಕೆಲಸ ಇನ್ನೂ ಇದೆ. ನಾಳಿದ್ದು ಬನ್ನಿ."