ಲೆಕ್ಕಕ್ಕುಂಟು

ಪುಂತಾ ಅರೆನಾಸಿನಲ್ಲಿ ಗಾಳಿಯದೇ ಪಾಳೆಯಗಾರಿಕೆ.
ಕೆಲವು ಬೀದಿಗಳ ತಿರುವಿನಲ್ಲಿ ಹಗ್ಗ ಕಟ್ಟಿರುತ್ತಾರೆ,
ಹಿಡಿದು ನಡೆಯಲಿಕ್ಕೆ.
ಆ ಹಗ್ಗ ಹಿಡಿದೇ ಬರುತ್ತಾಳೆ ಎದಿತಾ ಬಾರಿಯಾ,
ಏಡಿ ಕಾರ್ಖಾನೆಯ ಪಾಳಿ ಮುಗಿಸಿ,
ಎಷ್ಟು ತೊಳೆದರೂ ಉಪ್ಪು ನಾರುವ ಬೆರಳಲ್ಲಿ
ಪೆನ್ಸಿಲು ಹಿಡಿದು, ನನ್ನ ರಾತ್ರಿ ತರಗತಿಗೆ.
ಶೈತ್ಯಯಂತ್ರಗಳ ಪಾಠ. ನಗಬೇಡಿ,
ಭೂಮಿಯ ಈ ತುದಿಯಲ್ಲೂ ಚಳಿಯನ್ನು
ಯಂತ್ರದಿಂದಲೇ ಮಾಡಿಕೊಳ್ಳಬೇಕು.

ತರಗತಿ ಬಿಟ್ಟ ಮೇಲೆ ಮೇಜಿನ ಹತ್ತಿರ ನಿಂತಳು.
"ಮೇಷ್ಟ್ರೇ, ಕೂಡಿಸಿ ನೋಡಿದೆ.
೩.೨, ೨.೯, ಪ್ರಯೋಗದಲ್ಲಿ ೫.೫.
ಕೊನೇ ಪರೀಕ್ಷೆಯಲ್ಲಿ ೪.೨ ಬಂದರೆ
ನಾಲ್ಕರಿಂದ ಭಾಗಿಸಿ, ಪಾಸು. ಹೌದಲ್ಲ?"

ನಮ್ಮಲ್ಲಿ ಅಂಕ ಒಂದರಿಂದ ಏಳು. ನಾಲ್ಕು ದಡ.
೩.೯೫ ಬಂದವರನ್ನೂ ದಡಕ್ಕೆ ಎಳೆದುಕೊಳ್ಳುತ್ತೇವೆ,
೩.೯೪ ಬಂದವರನ್ನು ಇಲ್ಲ.

ಮೊದಲ ದಿನ ಹಂಚಿದ ಹಾಳೆ ಹುಡುಕಿದೆ.
ಹತ್ತೊಂಬತ್ತು ವರ್ಷದಿಂದ ಹಂಚುತ್ತಿದ್ದೇನೆ, ಯಾರೂ ಓದುವುದಿಲ್ಲ;
ಒಬ್ಬ ಅದರಲ್ಲಿ ಕಾಗದದ ದೋಣಿ ಮಾಡಿದ್ದ, ಚೆನ್ನಾಗಿತ್ತು.
"ಎದಿತಾ, ಎಲ್ಲ ಬುಟ್ಟಿಗೂ ಒಂದೇ ತೂಕವಿಲ್ಲ."

ನಕ್ಕಳು. "ತೂಕದ ಮಾತು ನನಗೆ ಹೇಳುತ್ತೀರಾ?
ಏಡಿ ಬರುವಾಗ ರಾಜನ ಹಾಗೆ ಬರುತ್ತದೆ, ಮುಳ್ಳು, ಕಿರೀಟ ಎಲ್ಲ.
ನಮಗೆ ಕೂಲಿ ಕಾಲಿನೊಳಗಿನ ಮಾಂಸಕ್ಕೆ ಮಾತ್ರ.
ಚಿಪ್ಪು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಹಾಗಾದರೆ ಬಿಡಿಸು, ಎಂದೆ.
ಮೊದಲ ಕಿರುಪರೀಕ್ಷೆ ಕಾಲು ಪಾಲು: ೩.೨ರಿಂದ ಮಾಂಸ ೦.೮.
ಎರಡನೆಯದೂ ಕಾಲು ಪಾಲು: ೦.೭೨೫.
ಪ್ರಯೋಗಕ್ಕೆ ನೂರರಲ್ಲಿ ಇಪ್ಪತ್ತು:
ಐದೂವರೆಯೆಂಬ ಅವಳ ಅಷ್ಟು ದೊಡ್ಡ ಹೆಮ್ಮೆ
ಬಿಡಿಸಿ ಇಟ್ಟಾಗ ೧.೧.
ಅದನ್ನು ಬರೆಯುವಾಗ ಅವಳ ಪೆನ್ಸಿಲು ಕೊಂಚ ನಿಂತಿತು.
ನಾನು ಕಿಟಕಿಯತ್ತ ನೋಡಿದೆ.

ಕೂಡಿದರೆ ೨.೬೨೫. ಇಷ್ಟು ಕೈಯಲ್ಲಿದೆ,
ಯಾರೂ ಕಸಿಯಲಾರರು.
ಮಿಕ್ಕ ಮೂವತ್ತು ಪಾಲು ಜುಲೈ ಹನ್ನೊಂದರ ರಾತ್ರಿಯದು.

"ಖಾಲಿ ಹಾಳೆ ಕೊಟ್ಟರೆ?"
"ಒಂದು. ನಮ್ಮಲ್ಲಿ ಸೊನ್ನೆ ಹಾಕುವುದಿಲ್ಲ."
"ಒಂದರಲ್ಲಿ ಮೂವತ್ತು ಪಾಲು..." ತುಟಿ ಎಣಿಸಿತು,
"ಹೆಸರು ಬರೆದದ್ದಕ್ಕೇ ೦.೩!
ಕಾರ್ಖಾನೆಯಲ್ಲಿ ಯಾರೂ ಕೊಟ್ಟಿಲ್ಲ, ಮೇಷ್ಟ್ರೇ,
ಹೆಸರಿಗೆ."

ಆಮೇಲೆ ನನ್ನನ್ನು ಕೇಳಲಿಲ್ಲ.
೪.೨ ಇಟ್ಟು ನೋಡಿದಳು, ಹೊಡೆದು ಹಾಕಿದಳು.
೪.೪ ಇಟ್ಟಳು: ೩.೯೪೫. ಅಯ್ಯೋ ಎಂದಳು,
ತನಗಲ್ಲ, ಎಲ್ಲೋ ಆ ಅಂಕ ಬಂದ ಯಾರಿಗೋ ಎಂಬಂತೆ.
೪.೫ ಇಟ್ಟಳು: ೩.೯೭೫.
ಎರಡರ ನಡುವೆ ಒಂದು ಸಣ್ಣ ಪ್ರಶ್ನೆ,
ಬಹುಶಃ ಕೊನೆಯದು,
ಜನ ಗಡಿಯಾರ ನೋಡಿ ಬಿಟ್ಟು ಏಳುವಂಥದು.

ನಾನೂ ಒಂದು ಕಾಲಕ್ಕೆ ಎಲ್ಲವನ್ನೂ ಕೂಡಿಸಿ ಭಾಗಿಸಿದವನೇ.
ಅಪ್ಪ ಬಂದ ಒಂದು ದಿನ, ಬಾರದ ನೂರು ದಿನ,
ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದು
ಅನುತ್ತೀರ್ಣ ಎಂದು ಬರೆದವನು.
ಪಾಲುಪಟ್ಟಿ ಎಲ್ಲಿತ್ತೋ, ದೋಣಿಯಾಗಿ ಹೋಗಿತ್ತೋ.
ಇರಲಿ, ಅದು ಬೇರೆ ಲೆಕ್ಕ.

ಬಸ್ಸು ಬಂತು. ಹತ್ತಿ ಕೂತಳು.
ಮಂಜು ಹಿಡಿದ ಗಾಜಿನ ಮೇಲೆ
ಉಪ್ಪಿನ ಬೆರಳಿಂದ ೪.೫ ಎಂದು ಬರೆದು
ಅಡಿಗೆರೆ ಎಳೆದಳು.
ಹೊರಗೆ ಗಾಳಿಯಲ್ಲಿ ಟೋಪಿ ಒತ್ತಿ ಹಿಡಿದ ನನಗೆ
ಅದು ತಿರುಗುಮುರುಗಾಗಿ ಕಂಡಿತು,
ಐದು ಮುಂದೆ, ನಾಲ್ಕು ಹಿಂದೆ.

ಆಗಲಿ, ಎಂದುಕೊಂಡೆ,
ಅದಾದರೂ ಆದೀತು.