ಇನ್ನೂರಾ ಹನ್ನೊಂದನೆಯ ಪುಟದವಳು

ಎಂಟು ವಾರದ ಹೆಣ್ಣುಮರಿ. ಒಂದು ಕಿವಿ ನಿಂತಿದೆ,
ಇನ್ನೊಂದು ಇನ್ನೂ ಯೋಚನೆಯಲ್ಲಿದೆ.
ಶೆಟ್ಲೆಂಡಿನ ಈ ತುದಿಯಲ್ಲಿ ಮರಗಳಿಲ್ಲ,
ಗಾಳಿಗೆ ತಡೆಯಿಲ್ಲ, ನನ್ನ ಆಸೆಗೂ.

ಇಪ್ಪತ್ತಾರು ವರ್ಷ ಪುಸ್ತಕದ ವ್ಯಾನು ಓಡಿಸಿದವಳು ನಾನು,
ಗೇಟು ಗೇಟಿಗೆ ಕಾದಂಬರಿ ಮುಟ್ಟಿಸಿದವಳು.
ಮನೆಯ ನಾಯಿಗಳಿಗೆ ಮಾತ್ರ ಇದುವರೆಗೆ
ಲೌರಿಯದೇ ಹೆಸರು: ಕರಿಯದಿದ್ದರೆ ಕರಿಯ, ಮಚ್ಚೆಯಿದ್ದರೆ ಮಚ್ಚೆ.
ಈ ಸಲ ನನ್ನ ಸರದಿ, ಅಂದೆ.
ಹಳೆಯ ಪುಸ್ತಕದಿಂದ ಒಂದು ಹೆಸರು,
ರೇಷ್ಮೆ ಸರಿದಾಡಿದ ಸದ್ದಿರುವಂಥದ್ದು.

ನಾನು ಹೆಸರಿಡಲು ಕೂತೆ.
ಲೌರಿ ಎಲ್ಲದಕ್ಕೂ ಹೆಸರಿಟ್ಟ.
ನಾಲ್ಕಕ್ಷರದ ರಾಣಿಯನ್ನು ಗುಡ್ಡದ ಬೆನ್ನಿಗೆ ಕಳಿಸಿ ಕೂಗಿ ನೋಡು,
ಎರಡಕ್ಷರ ನಿನ್ನ ಬಾಯಲ್ಲೇ, ಒಂದು ಬೇಲಿಯ ಹತ್ತಿರ,
ಕೊನೆಯದು ನಾರ್ವೆಗೆ.
ಅಷ್ಟರಲ್ಲಿ ಕುರಿಗಳು ಬಂಡೆಯಂಚಿಗೆ.

ಸರಿ, ಚಿಕ್ಕದೇ ಹುಡುಕೋಣವೆಂದು
ಒಲೆಯ ಪಕ್ಕ ನಾಯಕಿಯರನ್ನು ಒಬ್ಬೊಬ್ಬರಾಗಿ ಕರೆದೆ.
ಬಂದರು. ಒಬ್ಬಳ ಲಂಗದಿಂದ ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು,
ಒಬ್ಬಳ ಕರವಸ್ತ್ರದಲ್ಲಿ ರಕ್ತ,
ಕಿಟಕಿಯ ಬಳಿ ಕೂತ ಇನ್ನೊಬ್ಬಳು ಏಳಲೇ ಇಲ್ಲ,
ಬರುತ್ತೇನೆಂದವನ ಕುದುರೆಯ ಸದ್ದಿಗೆ
ಇನ್ನೂರು ವರ್ಷದಿಂದ ಕಿವಿಗೊಟ್ಟು.
ಇವರಿಗಾಗಿ ಎಷ್ಟು ಸಲ
ವ್ಯಾನನ್ನು ಬದಿಗೆ ನಿಲ್ಲಿಸಿ ಅತ್ತಿದ್ದೇನೆ!
ಆದರೆ ಮರಿ ನನ್ನ ಚಪ್ಪಲಿ ಕಚ್ಚಿ ಎಳೆಯುತ್ತಿತ್ತು.
ಅದರ ಕೊರಳಿಗೆ ಯಾರ ಕೊನೆಯ ಅಧ್ಯಾಯ ಕಟ್ಟಲಿ?

ಆಗ ನೆನಪಾದಳು.
ರಟ್ಟು ಹೋಗಿ, ಹೆಸರಿನ ಪುಟವೂ ಹೋಗಿ,
ಯಾರೂ ಒಯ್ಯದೆ ವ್ಯಾನಿನಲ್ಲೇ ಉಳಿದ ಒಂದು ದಪ್ಪ ಕಾದಂಬರಿ.
ಅದರ ಇನ್ನೂರಾ ಹನ್ನೊಂದನೆಯ ಪುಟದಲ್ಲಿ
ದೀಪ ಹಿಡಿದು ಒಳಗೆ ಬರುತ್ತಾಳೆ ಕೆಲಸದ ಹುಡುಗಿ.
"ಮಳೆ ನಿಂತಿತು, ಅಮ್ಮಾ" ಅನ್ನುತ್ತಾಳೆ.
ದೀಪ ಇಟ್ಟು ಹೋಗುತ್ತಾಳೆ.
ಮುಂದೆ ಆ ಮನೆ ಹರಾಜಾಗುತ್ತದೆ, ಮದುವೆ ಮುರಿಯುತ್ತದೆ,
ಒಂದು ಮಗು ಹೋಗುತ್ತದೆ, ಎರಡು ಹಡಗು ಮುಳುಗುತ್ತವೆ;
ಅವಳ ಸುದ್ದಿಯೇ ಇಲ್ಲ.
ಬರೆದವರು ಅವಳನ್ನು ಕೊಲ್ಲಲು ಮರೆತರು.

ಸಿಬ್, ಅಂದೆ.
ಲೌರಿ ಬಾಗಿಲು ತೆರೆದು ಗಾಳಿಗೆ ಎಸೆದು ನೋಡಿದ: ಸಿಬ್!
ಕಲ್ಲಿನ ಹಾಗೆ ಹೋಯಿತು. ಚೂರೂ ಒಡೆಯಲಿಲ್ಲ.
ಯೋಚನೆಯಲ್ಲಿದ್ದ ಕಿವಿ ಎದ್ದಿತು,
ಮತ್ತೆ ಬಿತ್ತು.

ಯಾವ ಪುಸ್ತಕದ್ದು ಅಂತ ಅವನು ಕೇಳಲಿಲ್ಲ.
ಹೊರಗೆ ಮಳೆ ಇನ್ನೂ ನಿಂತಿರಲಿಲ್ಲ.